ಮೈಕಾಟಿಕ್ ಅನ್ಯುರಿಸಂ

‘ಅನ್ಯುರಿಸಂ’ ಗ್ರೀಕ್ ಮೂಲದ ಪದ, ಹಿಗ್ಗುವಿಕೆ ಎಂದರ್ಥ. ರಕ್ತನಾಳದ ಗೋಡೆ ಸಡಿಲಗೊಂಡು ಉಬ್ಬುವುದಕ್ಕೆ ಈ ಹೆಸರು. ‘ಮೈಕಾಟಿಕ್’ ಬಂದದ್ದು ಅಣಬೆಯ ಗ್ರೀಕ್ ಹೆಸರಾದ ‘ಮೈಕೀಸ್’ನಿಂದ. ಹಾಗೆಂದು ಇದನ್ನು ಶಿಲೀಂಧ್ರ ರೋಗ ಎಂದುಕೊಂಡರೆ ತಪ್ಪು.

ಕೆನಡಾದ ವೈದ್ಯ ವಿಲಿಯಂ ಆಸ್ಲರ್ 1885ರಲ್ಲಿ ಲಂಡನ್ನಿನಲ್ಲಿ ಹೃದಯದ ಒಳಪದರದ ಸೋಂಕಿನ ಬಗ್ಗೆ ಉಪನ್ಯಾಸ ಕೊಟ್ಟರು. ಅಂಥ ರೋಗಿಯೊಬ್ಬನ ಮಹಾಪಧಮನಿಯಲ್ಲಿ ಕಂಡ ಉಬ್ಬುಗಳನ್ನು ಅವರು ಮೈಕಾಟಿಕ್ ಎಂದರು. ಆಗಿನ ವೈದ್ಯರು ಬ್ಯಾಕ್ಟೀರಿಯಾಗಳನ್ನೂ ಶಿಲೀಂಧ್ರಗಳ ಸಾಲಿಗೇ ಸೇರಿಸುತ್ತಿದ್ದರು. ವಿಜ್ಞಾನ ಮುಂದೆ ಸಾಗಿತು, ಹೆಸರು ಮಾತ್ರ ಉಳಿಯಿತು.

ಈ ಉಬ್ಬು ಮಿದುಳಿನ ನಾಳಗಳಲ್ಲೂ ಬರುತ್ತದೆ. ಅಲ್ಲಿ ಅದು ಹುಟ್ಟುವ ಬಗೆ ಹೀಗೆ: ಹೃದಯದ ಕವಾಟದ ಮೇಲೆ ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಗೂಡು ಕಟ್ಟುತ್ತವೆ. ಆ ಗೂಡಿನ ಚೂರೊಂದು ಕಳಚಿ, ರಕ್ತದೊಡನೆ ಹರಿದು, ಮಿದುಳಿನ ಸಣ್ಣ ಧಮನಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸೋಂಕು ನಾಳದ ಗೋಡೆಯನ್ನೇ ತಿನ್ನುತ್ತದೆ. ಗೋಡೆ ಉಬ್ಬುತ್ತದೆ, ಒಡೆದರೆ ಮಿದುಳಿನೊಳಗೆ ರಕ್ತಸ್ರಾವ. ಸಾಮಾನ್ಯ ಅನ್ಯುರಿಸಂ ಮಿದುಳಿನ ಬುಡದ ದೊಡ್ಡ ನಾಳಗಳ ಕವಲಿನಲ್ಲಿ ಕಂಡರೆ, ಇದು ಹೆಚ್ಚಾಗಿ ದೂರದ ಟಿಸಿಲುಗಳಲ್ಲಿ ಕಾಣುತ್ತದೆ. ನಿಜವಾದ ಶಿಲೀಂಧ್ರದಿಂದ ಬರುವುದು ಅಪರೂಪ, ಬಂದರೆ ಬಲು ಘೋರ.

ಈಗ ಹಲವರು ‘ಸೋಂಕಿನ ಅನ್ಯುರಿಸಂ’ ಎನ್ನುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ: ಚಿಕಿತ್ಸೆಯ ಮೊದಲ ಹೆಜ್ಜೆ ವಾರಗಟ್ಟಲೆ ಕೊಡುವ ಆಂಟಿಬಯಾಟಿಕ್ ಎಂಬುದನ್ನು ಆ ಹೆಸರೇ ಸೂಚಿಸುತ್ತದೆ.

ಕವಾಟದ ಸೋಂಕು ಸುಲಭವಾಗಿ ತಗಲುವುದು ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರಿಗೆ, ಕೃತಕ ಕವಾಟ ಹಾಕಿಸಿಕೊಂಡವರಿಗೆ. ನೀವು ಅಂಥವರಾದರೆ ಬಿಡದ ಜ್ವರವನ್ನು ಮಾತ್ರೆ ನುಂಗಿ ಮುಚ್ಚಬೇಡಿ. ಆಂಟಿಬಯಾಟಿಕ್‌ಗೆ ಮೊದಲು ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಜೊತೆಗೆ ತೀವ್ರ ತಲೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.