ದೂರದಿಂದ ಬಂದ ದನಿ: ಕುಡಿತ ಬಿಡಿಸುವ ನೆರವಿನ ಚರಿತ್ರೆ

ಕುಡಿತ ಬಿಡಿಸುವ ಮಾತು ಬಂದಾಗ ನಮ್ಮ ಮನಸ್ಸಿಗೆ ಮೊದಲು ತೋಚುವುದು ಒಂದು ಸ್ಥಳ. ಅದು ಆಸ್ಪತ್ರೆಯ ವಾರ್ಡ್ ಇರಬಹುದು, ಮದ್ಯವರ್ಜನ ಶಿಬಿರ ಇರಬಹುದು, ಇನ್ನು ಮುಂದೆ ಮುಟ್ಟುವುದಿಲ್ಲವೆಂದು ಆಣೆಯಿಡುವ ದೇವರ ಸನ್ನಿಧಿ ಇರಬಹುದು. ಕುಡಿಯುವವನನ್ನು ಅಲ್ಲಿಗೆ ಕರೆದೊಯ್ಯಬೇಕು, ಅವನು ಬದಲಾಗಿ ಮರಳಬೇಕು ಎಂಬುದು ನಮ್ಮ ಕಲ್ಪನೆ. ಈ ಕಲ್ಪನೆಯ ಪಕ್ಕದಲ್ಲೇ ಸುಮಾರು ಒಂಬತ್ತು ದಶಕಗಳಿಂದ ಇನ್ನೊಂದು ಧಾರೆ ಹರಿದು ಬಂದಿದೆ. ಅಲ್ಲಿ ಕುಡಿಯುವವನು ಎಲ್ಲಿಗೂ ಹೋಗುವುದಿಲ್ಲ. ನೆರವೇ ಅವನಿದ್ದಲ್ಲಿಗೆ ಬರುತ್ತದೆ. ಮೊದಲು ಅದು ಅಂಚೆಯ ಮೂಲಕ ಬಂತು, ಆಮೇಲೆ ದೂರವಾಣಿಯ ಮೂಲಕ, ಈಗ ಮೊಬೈಲಿನ ಮೂಲಕ ಬರುತ್ತಿದೆ. ಕೊರೋನಾ ಕಾಲದ ಅನಿವಾರ್ಯತೆಯಿಂದ ಹುಟ್ಟಿದ್ದೆಂದು ಅನೇಕರು ಭಾವಿಸಿರುವ ಈ ವ್ಯವಸ್ಥೆಯ ಬೇರುಗಳು ಬಹಳ ಹಳೆಯವು.

ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ 1935ರ ಮೇ ತಿಂಗಳಲ್ಲಿ ನಡೆದ ಒಂದು ದೂರವಾಣಿ ಕರೆಯಿಂದ ಈ ಕಥೆಯನ್ನು ಆರಂಭಿಸಬಹುದು. ನ್ಯೂಯಾರ್ಕಿನ ಷೇರುಪೇಟೆಯ ಬಿಲ್ ವಿಲ್ಸನ್ ವ್ಯವಹಾರಕ್ಕೆಂದು ಅಲ್ಲಿಗೆ ಬಂದಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಷ್ಟೇ ಆಗಿತ್ತು. ಬಂದ ಕೆಲಸ ಕೆಟ್ಟಿತ್ತು, ಊರು ಅಪರಿಚಿತವಾಗಿತ್ತು, ತಂಗಿದ್ದ ಮೇಫ್ಲವರ್ ಹೋಟೆಲಿನ ಒಳಗೇ ಬಾರ್ ಇತ್ತು. ಅವನು ಬಾರಿನತ್ತ ಹೋಗದೆ ಚರ್ಚುಗಳ ಪಟ್ಟಿಯನ್ನು ನೋಡಿ ಪಾದ್ರಿಗಳಿಗೆ ಫೋನ್ ಮಾಡತೊಡಗಿದ. ತನ್ನಂತೆಯೇ ಕುಡಿತದಿಂದ ಬಳಲುತ್ತಿರುವ ಒಬ್ಬನೊಡನೆ ಮಾತಾಡಬೇಕು ಎಂಬುದಷ್ಟೇ ಅವನ ಕೋರಿಕೆ. ಆ ಕರೆಗಳ ಸರಪಣಿ ಅವನನ್ನು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಬಳಿಗೆ ಮುಟ್ಟಿಸಿತು. ಹದಿನೈದು ನಿಮಿಷ ಮಾತ್ರ ಎಂಬ ಷರತ್ತಿನೊಡನೆ ಬಂದ ವೈದ್ಯರು ಗಂಟೆಗಟ್ಟಲೆ ಕುಳಿತು ಮಾತಾಡಿದರು. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಹುಟ್ಟಿದ್ದು ಈ ಭೇಟಿಯಿಂದ. ಆ ದಿನ ಫೋನ್ ಮಾಡಿದವನಿಗೆ ಬೇಕಾಗಿದ್ದದ್ದು ಉಪದೇಶವಲ್ಲ, ತನ್ನ ಪಾಡನ್ನು ಬಲ್ಲ ಇನ್ನೊಂದು ಜೀವ.

ಸಂಘ ಬೆಳೆದದ್ದು ಬಹುಮಟ್ಟಿಗೆ ಅಂಚೆಯಿಂದ. 1939ರಲ್ಲಿ ಅದರ ಪುಸ್ತಕ ಪ್ರಕಟವಾಯಿತು. 1941ರ ಮಾರ್ಚ್‌ನಲ್ಲಿ 'ಸ್ಯಾಟರ್ಡೇ ಈವನಿಂಗ್ ಪೋಸ್ಟ್' ವಾರಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಎಂಬ ಪತ್ರಕರ್ತ ಸಂಘದ ಬಗ್ಗೆ ಲೇಖನ ಬರೆದ. ನೆರವು ಕೋರಿ ಸಾವಿರಾರು ಪತ್ರಗಳು ನ್ಯೂಯಾರ್ಕಿನ ಪುಟ್ಟ ಕಚೇರಿಗೆ ಬಂದು ಬಿದ್ದವು. ಸುಮಾರು 2,000 ಇದ್ದ ಸದಸ್ಯರ ಸಂಖ್ಯೆ ಅದೇ ವರ್ಷದ ಕೊನೆಗೆ 8,000ದಷ್ಟಾಯಿತು. ಸುತ್ತಮುತ್ತ ಎಲ್ಲೂ ಸಭೆ ನಡೆಯದ ಊರುಗಳಲ್ಲಿದ್ದವರು ಪತ್ರದಿಂದಲೇ ಸಂಪರ್ಕ ಉಳಿಸಿಕೊಂಡರು. ವರ್ಷದ ಬಹುಭಾಗ ಕಡಲಿನ ಮೇಲಿರುವ ನಾವಿಕರಿಗೂ ದೂರದೇಶಗಳಲ್ಲಿ ಒಂಟಿಯಾಗಿದ್ದವರಿಗೂ ಪತ್ರಗಳೇ ಸಭೆಯಾದವು. ಮುಂದೆ 1957ರ ಹೊತ್ತಿಗೆ ಈ ಸಂಘ ಭಾರತಕ್ಕೂ ಬಂತು.

ಅಂಚೆಗೆ ಇದ್ದ ಶಕ್ತಿಯ ಗುಟ್ಟನ್ನು ಕನ್ನಡ ಓದುಗರು ಸುಲಭವಾಗಿ ಬಲ್ಲರು. ನಮ್ಮ ವಾರಪತ್ರಿಕೆ, ಮಾಸಪತ್ರಿಕೆಗಳ ಆರೋಗ್ಯದ ಪ್ರಶ್ನೋತ್ತರ ಅಂಕಣಗಳಲ್ಲಿ ಹೆಸರು ಬಯಲಾಗದೆ ಬಂದ ಪ್ರಶ್ನೆಗಳು ಎಷ್ಟೋ. ಊರಿನ ವೈದ್ಯರೆದುರು ಬಾಯಿಬಿಡಲಾರದವರು ಪತ್ರದಲ್ಲಿ ಮನಸ್ಸು ತೆರೆಯುತ್ತಿದ್ದರು. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಅಪಾರವಾಗಿ ಬರೆದರು. ಆಸ್ಪತ್ರೆಯ ಮೆಟ್ಟಿಲು ಹತ್ತದ ಸಾವಿರಾರು ಮನೆಗಳಿಗೆ ಮನೋವೈದ್ಯಶಾಸ್ತ್ರ ತಲುಪಿದ್ದು ಇಂಥ ಬರಹದಿಂದ. ದೂರವಾಣಿಯಲ್ಲೂ ಹೀಗೆಯೇ ಆಯಿತು. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಆತ್ಮಹತ್ಯೆಯ ಅಂಚಿನಲ್ಲಿದ್ದವರಿಗಾಗಿ ಆರಂಭಿಸಿದ ಸಮರಿಟನ್ಸ್ ಸಹಾಯವಾಣಿ, ತರಬೇತಿ ಪಡೆದ ಸಾಮಾನ್ಯ ಜನರೂ ಫೋನಿನಲ್ಲಿ ಕೇಳಿಸಿಕೊಳ್ಳಬಲ್ಲರೆಂದು ತೋರಿಸಿತು. ಚೆನ್ನೈಯಲ್ಲಿ 1986ರಲ್ಲಿ ಆರಂಭವಾದ ಸ್ನೇಹಾ ಅದೇ ಹಾದಿಯದು. ಮುಖ ಕಾಣದಿರುವುದು ಕೊರತೆ ಎನ್ನುತ್ತೇವೆ. ನಾಚಿಕೆಯಿಂದ ಕುಗ್ಗಿದವನಿಗೆ ಅದೇ ಅನುಕೂಲವಾಗಬಹುದು.

ಇಷ್ಟರ ನಡುವೆ ವೈದ್ಯಲೋಕವನ್ನು ಕಾಡುತ್ತಿದ್ದ ಪ್ರಶ್ನೆ ಬೇರೆಯಿತ್ತು: ಚಿಕಿತ್ಸೆ ಎಷ್ಟು ಬೇಕು? 1977ರಲ್ಲಿ ಲಂಡನ್ನಿನ ಮಾಡ್‌ಸ್ಲೀ ಆಸ್ಪತ್ರೆಯ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಅನೇಕರನ್ನು ಬೆಚ್ಚಿಬೀಳಿಸಿತು. ವಿವಾಹಿತರಾದ 100 ಮದ್ಯವ್ಯಸನಿ ಪುರುಷರಲ್ಲಿ ಒಂದು ಗುಂಪಿಗೆ ತಿಂಗಳುಗಟ್ಟಲೆ ಚಿಕಿತ್ಸೆ ದೊರೆಯಿತು. ಇನ್ನೊಂದು ಗುಂಪಿಗೆ ಪೂರ್ಣ ತಪಾಸಣೆಯ ಬಳಿಕ ಒಂದೇ ಒಂದು ಬಾರಿ ಸಲಹೆ. ವರ್ಷ ಕಳೆದ ಮೇಲೆ ಎರಡೂ ಗುಂಪುಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಚಿಕಿತ್ಸೆಯೇ ವ್ಯರ್ಥವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಆದರೆ ಗಂಭೀರವಾಗಿ ಆಡಿದ ಚಿಕ್ಕ ಮಾತಿಗೂ ಬೆಲೆಯಿದೆ ಎಂಬುದು ಅಲ್ಲಿಂದ ನೆಲೆಯೂರಿತು. ಆರು ದೇಶಗಳಲ್ಲಿ ನಡೆದ ಪ್ರಯೋಗದ ಆಧಾರದಿಂದ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಹೊರತಂದಿತು. ಆಡಿಟ್ ಎಂಬ ಹೆಸರಿನಿಂದ ಅದು ಪ್ರಸಿದ್ಧ. ಎಷ್ಟು ಸಲ ಕುಡಿಯುತ್ತೀರಿ, ಆರಂಭಿಸಿದ ಮೇಲೆ ನಿಲ್ಲಿಸಲಾಗದೆ ಹೋದದ್ದುಂಟೆ, ಕಡಿಮೆ ಮಾಡಿರೆಂದು ಯಾರಾದರೂ ಹೇಳಿದ್ದಾರೆಯೇ ಎಂಬಂಥ ಸರಳ ಪ್ರಶ್ನೆಗಳು. ಒಟ್ಟು ಅಂಕ 40. 'ಕುಡುಕ', 'ಕುಡುಕನಲ್ಲ' ಎಂಬ ಎರಡೇ ಪೆಟ್ಟಿಗೆಗಳಲ್ಲಿ ಮನುಷ್ಯರನ್ನು ತುಂಬುತ್ತಿದ್ದ ಸಮಾಜಕ್ಕೆ ಇದು ನಡುವಿನ ಮೆಟ್ಟಿಲುಗಳನ್ನು ತೋರಿಸಿತು. ಪೂರ್ತಿ ದಾಸರಾಗದೆ, ಅಪಾಯಕರವಾಗಿ ಕುಡಿಯುವವರೇ ಸಂಖ್ಯೆಯಲ್ಲಿ ಹೆಚ್ಚು. ಕಡಿಮೆ ಮಾಡಿಕೊಳ್ಳುವ ಮಾತು ಬೇಗ ನಾಟುವುದೂ ಅವರಿಗೇ.

ನಮ್ಮ ನೆರೆಯ ಗೋವೆಯಲ್ಲಿ ನಡೆದ ಪ್ರಯೋಗ ಈ ತಿಳಿವನ್ನು ಭಾರತದ ನೆಲದಲ್ಲಿ ಒರೆಗೆ ಹಚ್ಚಿತು. ಸಂಗಾತ್ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಂ ಪಟೇಲ್ ಮೊದಲಾದವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ಹಾನಿಕರ ಮಟ್ಟದಲ್ಲಿ ಕುಡಿಯುವ ಗಂಡಸರನ್ನು ಆರಿಸಿಕೊಂಡರು. ವೈದ್ಯಕೀಯ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆಪ್ತಸಮಾಲೋಚಕರನ್ನಾಗಿ ಮಾಡಿದರು. ಒಬ್ಬೊಬ್ಬರೊಡನೆ ಹೆಚ್ಚೆಂದರೆ ನಾಲ್ಕು ಭೇಟಿ. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಮೂರು ತಿಂಗಳ ಬಳಿಕ ಸಮಾಲೋಚನೆ ಪಡೆದವರಲ್ಲಿ 36 ಶೇಕಡ ಜನ ಅಪಾಯದ ಮಟ್ಟದಿಂದ ಹೊರಬಂದಿದ್ದರು. ಉಳಿದ ಗುಂಪಿನಲ್ಲಿ ಈ ಪ್ರಮಾಣ 26 ಶೇಕಡ. ಪವಾಡವಲ್ಲ, ಆದರೆ ಲೆಕ್ಕಕ್ಕೆ ಬರುವ ಅಂತರ. ಮಾತೇ ಮದ್ದು, ಅದನ್ನಾಡಲು ಮನೋವೈದ್ಯರೇ ಬೇಕಿಲ್ಲ ಎಂದಾದ ಮೇಲೆ, ಆ ಮಾತು ಫೋನಿನಲ್ಲಿ ಹೋಗಬಾರದೇಕೆ ಎಂಬುದು ಸಹಜವಾದ ಮುಂದಿನ ಪ್ರಶ್ನೆ.

ಇದಕ್ಕೆ ಉತ್ತರದ ಒಂದು ಭಾಗ ಅಮೆರಿಕದಿಂದ ಬಂದಿತ್ತು. ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಮರಳಿದ ಮೇಲಿನ ತಿಂಗಳುಗಳೇ ಅತ್ಯಂತ ಕಠಿಣವೆಂಬುದು ಎಲ್ಲರ ಅನುಭವ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಗಸ್ಟಾಫ್ಸನ್ ತಂಡ ಹೀಗೆ ಹೊರಬಂದ 349 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಕೈಗೆ ನೆರವಿನ ತಂತ್ರಾಂಶವಿದ್ದ ಸ್ಮಾರ್ಟ್‌ಫೋನ್ ಕೊಟ್ಟಿತು. ಹಳೆಯ ಬಾರಿನ ಸಮೀಪ ಹೋದರೆ ಅದು ಎಚ್ಚರಿಸಬಲ್ಲದು. ಸಂಕಟದ ಗಳಿಗೆಯಲ್ಲಿ ಒಂದು ಗುಂಡಿ ಒತ್ತಿದರೆ ನೆರವು ಸಿಗುತ್ತದೆ. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರು ತಿಂಗಳಲ್ಲಿ ಅತಿಯಾಗಿ ಕುಡಿದ ದಿನಗಳು ಸರಾಸರಿ 1.39, ಫೋನ್ ಇಲ್ಲದವರಲ್ಲಿ 2.75.

ಹೀಗೆ ಮೆಲ್ಲನೆ ಸಾಗಿದ್ದ ಚರಿತ್ರೆಯನ್ನು 2020ರ ಮಾರ್ಚ್ 25 ಒಮ್ಮೆಲೇ ನಡುಬೀದಿಗೆ ತಂದು ನಿಲ್ಲಿಸಿತು. ಲಾಕ್‌ಡೌನ್‌ನೊಂದಿಗೆ ದೇಶದ ಮದ್ಯದಂಗಡಿಗಳು ಮುಚ್ಚಿದವು. ಕರ್ನಾಟಕದಲ್ಲಿ ಅವು ಮತ್ತೆ ತೆರೆದದ್ದು ಮೇ 4ರಂದು. ಕುಡಿತ ತಾನಾಗಿ ನಿಂತರೆ ಒಳ್ಳೆಯದೇ ಅಲ್ಲವೇ ಎಂದು ಹೊರಗಿನವರಿಗೆ ಅನಿಸಬಹುದು. ಮೈ ಕುಡಿತಕ್ಕೆ ಒಗ್ಗಿಹೋದವನ ಸ್ಥಿತಿ ಹಾಗಲ್ಲ. ಒಮ್ಮೆಲೇ ನಿಂತರೆ ಮೊದಲ ದಿನವೇ ಕೈನಡುಕ, ಬೆವರು, ನಿದ್ರಾಹೀನತೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಲ್ಲಿ ಇಲ್ಲದ್ದನ್ನು ಕಾಣುವ, ದಿಕ್ಕುತಪ್ಪಿ ಮಾತಾಡುವ ಸನ್ನಿ ಹಿಡಿಯಬಹುದು. ಚಿಕಿತ್ಸೆ ಸಿಗದಿದ್ದರೆ ಅದು ಸಾವಿಗೂ ದಾರಿ. ಬೆಂಗಳೂರಿನ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು ಇಂಥ ತೀವ್ರ ಪ್ರಕರಣಗಳು ದಿನಕ್ಕೆ ಸರಾಸರಿ 4ರಿಂದ 8ಕ್ಕೆ ಏರಿದ್ದನ್ನು ಕಂಡರು. ಕೇರಳದಲ್ಲಿ ಆತ್ಮಹತ್ಯೆಗಳು ವರದಿಯಾದವು. ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡುವುದೆಂದು ಅಲ್ಲಿನ ಸರಕಾರ ಆದೇಶಿಸಿತು, ವೈದ್ಯರು ಪ್ರತಿಭಟಿಸಿದರು, ಹೈಕೋರ್ಟ್ ತಡೆಯಾಜ್ಞೆ ನೀಡಿತು.

ಲಾಕ್‌ಡೌನ್ ಆರಂಭವಾದ ಆ ದಿನವೇ ಕೇಂದ್ರ ಸರಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು. ವೈದ್ಯರು ಫೋನ್, ವಿಡಿಯೋಗಳ ಮೂಲಕ ರೋಗಿಯನ್ನು ನೋಡಿ ಔಷಧಿ ಬರೆಯುವುದಕ್ಕೆ ಅದುವರೆಗೆ ಇರದಿದ್ದ ಸ್ಪಷ್ಟ ಆಧಾರ ದೊರಕಿತು. ನಿಮ್ಹಾನ್ಸ್ ಇದಕ್ಕೆ ಮೊದಲೇ ದೂರದ ಊರುಗಳ ವೈದ್ಯರಿಗೆ ಪರದೆಯ ಮೂಲಕ ವ್ಯಸನ ಚಿಕಿತ್ಸೆಯ ತರಬೇತಿ ಕೊಡುವ ಕೆಲಸ ಆರಂಭಿಸಿತ್ತು. 2022ರ ಅಕ್ಟೋಬರ್ 10ರಂದು ಟೆಲಿಮನಸ್ ಸಹಾಯವಾಣಿ ಉದ್ಘಾಟನೆಯಾಯಿತು. ಅದರ ಕೇಂದ್ರಸ್ಥಾನ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. 14416ಕ್ಕೆ ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು. ಆ ಭಾಷೆಗಳಲ್ಲಿ ಕನ್ನಡವೂ ಒಂದು.

ಇದರ ಅಗತ್ಯ ಎಷ್ಟೆಂಬುದಕ್ಕೆ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಒಂದು ಅಂಕಿ ಸಾಕು. ಮದ್ಯದ ದಾಸರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು ಒಬ್ಬರು ಮಾತ್ರ. ಉಳಿದ 37 ಜನ ಏಕೆ ಹೋಗಲಿಲ್ಲ? ಕೆಲವರಿಗೆ ಆಸ್ಪತ್ರೆ ದೂರ, ಕೆಲವರಿಗೆ ಕೂಲಿ ತಪ್ಪುವ ಭಯ, ಹಲವರಿಗೆ ನಾಚಿಕೆ. ಊರು ಬಿಟ್ಟು ಬಂದವರಿಗೆ ಇವುಗಳ ಮೇಲೆ ಇನ್ನೊಂದು ತಡೆಯಿದೆ, ಅದು ಭಾಷೆ. ಪುಣೆಯ ಮುಕ್ತಾಂಗಣ, ಚೆನ್ನೈಯ ಟಿ. ಟಿ. ರಂಗನಾಥನ್ ಪ್ರತಿಷ್ಠಾನ ನಾಲ್ಕು ದಶಕಗಳ ಆಸುಪಾಸಿನ ಸೇವೆಯ ಹಿರಿಮೆಯುಳ್ಳ ಸಂಸ್ಥೆಗಳು. ಆದರೂ ಮುಂಬಯಿಯ ಹೋಟೆಲಿನ ಅಡುಗೆಮನೆಯಲ್ಲೋ ಹೈದರಾಬಾದಿನ ಕಟ್ಟಡದ ಕೆಲಸದಲ್ಲೋ ಇರುವ ಕನ್ನಡಿಗ ವ್ಯವಹಾರಕ್ಕೆ ಬೇಕಾದಷ್ಟು ಮರಾಠಿ, ಹಿಂದಿ, ತೆಲುಗು ಕಲಿತಿರುತ್ತಾನೆಯೇ ಹೊರತು, ಹೆಂಡತಿಯ ಮೇಲೆ ಕೈ ಮಾಡಿದ್ದನ್ನು, ಮಗಳ ಶಾಲೆಯ ದುಡ್ಡು ಕುಡಿದದ್ದನ್ನು ಹೇಳಿಕೊಳ್ಳುವಷ್ಟು ಅಲ್ಲ. ಸಾಮಾನು ಕೊಳ್ಳಲು ಎರವಲು ಭಾಷೆ ಸಾಕು, ಪಶ್ಚಾತ್ತಾಪಕ್ಕೆ ತಾಯಿನುಡಿಯೇ ಬೇಕಾಗುತ್ತದೆ. ಇನ್ನೊಂದು ಮಾತು: ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ದುಡಿಯುವವನ ಸಂಸಾರ ಮೊದಲೇ ಫೋನಿನ ಮೇಲೆ ನಡೆಯುತ್ತಿರುತ್ತದೆ. ಸಮಾಲೋಚನೆಯೂ ಅದೇ ದಾರಿಯಲ್ಲಿ ಬಂದರೆ ವಿಜಯಪುರದ ಮನೆಯಲ್ಲಿರುವ ಹೆಂಡತಿಯೂ ಅದರಲ್ಲಿ ಪಾಲುಗೊಳ್ಳಬಹುದು.

ಮಿತಿಗಳನ್ನು ಮರೆಯುವಂತಿಲ್ಲ. ಹತ್ತು ಜನ ಮಲಗುವ ಖೋಲಿಯಲ್ಲಿ ಗುಟ್ಟಾಗಿ ಮಾತಾಡಲು ಜಾಗವೆಲ್ಲಿ? 2020ರಲ್ಲಿಯೇ ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳಗಳಲ್ಲಿ ಮೊಬೈಲಿನಿಂದ ಮದ್ಯವನ್ನು ಮನೆಬಾಗಿಲಿಗೆ ತರಿಸುವ ವ್ಯವಸ್ಥೆಯೂ ಬಂತು. ನೆರವು ಬರುವ ದಾರಿಯಲ್ಲೇ ಬಾಟಲಿಯೂ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿತ್ಯ ವಿಪರೀತ ಕುಡಿಯುವವನು ಯಾರದೋ ಮಾತಿಗೆ ಥಟ್ಟನೆ ನಿಲ್ಲಿಸಿಬಿಡುವುದು ಅಪಾಯ. ಆ ಮೊದಲ ದಿನಗಳಿಗೆ ವೈದ್ಯರ ಕಣ್ಣು, ಥಯಾಮಿನ್, ನಡುಕ ಮತ್ತು ಫಿಟ್ಸ್ ತಡೆಯುವ ಔಷಧಿ ಬೇಕು. ಫಿಟ್ಸ್ ಬಂದವನಿಗೆ, ಸನ್ನಿ ಹಿಡಿದವನಿಗೆ ಬೇಕಾದದ್ದು ಆಂಬುಲೆನ್ಸ್.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಯಕ್ಷಗಾನಗಳಿಗೆ ಕರಪತ್ರ ಅಚ್ಚು ಹಾಕಿಸುತ್ತವೆ. ಅದರ ಮೂಲೆಯಲ್ಲಿ 14416 ಎಂಬ ಸಂಖ್ಯೆಯನ್ನೂ 'ಇಲ್ಲಿ ಕನ್ನಡದಲ್ಲಿ ಮಾತಾಡಬಹುದು' ಎಂಬ ಒಂದು ಸಾಲನ್ನೂ ಸೇರಿಸಲು ಹೆಚ್ಚಿನ ಖರ್ಚಿಲ್ಲ. ಒಮ್ಮೆ ಕರೆ ಮಾಡಿದವನನ್ನು ಮುಂದಿನ ವಾರ ಹೇಗಿದ್ದೀಯಪ್ಪ ಎಂದು ವಿಚಾರಿಸುವ ಒಬ್ಬ ಹಿರಿಯರು ಆ ಸಂಘದಲ್ಲಿದ್ದರೆ, ಪತ್ರಗಳ ಕಾಲದಿಂದ ನಡೆದು ಬಂದ ಈ ಕೆಲಸ ನಮ್ಮ ನಡುವೆಯೂ ಮುಂದುವರಿದಂತೆ.