ಹಿನ್ನೆಲೆಯೂ ಮರೆಯೂ: ೨೦೦೫ನೆಯ ಇಸವಿಯ ಸಿ.ಡಿ. ಪ್ರಕರಣದ ಒಂದು ಪರಿಶೀಲನೆ

೧

ಒಬ್ಬನು ತನ್ನ ಹಣದಿಂದ ಕೊಂಡು ತನ್ನ ಮನೆಯಲ್ಲಿ ಇರಿಸಿಕೊಂಡಿರುವ ಗಣಕಯಂತ್ರದಲ್ಲಿ ಯಾವ ಯಾವ ಪ್ರೋಗ್ರಾಮುಗಳು ನಡೆಯುತ್ತಿವೆಯೆಂಬುದನ್ನು ಅರಿಯುವ ಹಕ್ಕು ಆತನಿಗೆ ಉಂಟೆ? ಉಂಟೆಂದು ಯಾರಾದರೂ ಒಡನೆಯೇ ಹೇಳಿಯಾರು. ಆದರೆ ಆ ಹಕ್ಕಿಗೆ ಮನ್ನಣೆ ದೊರೆತದ್ದು ಎಂದು, ಯಾರ ಪ್ರಯತ್ನದಿಂದ, ಎಷ್ಟರಮಟ್ಟಿಗೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಈ ಪ್ರಶ್ನೆಯ ಇತಿಹಾಸದಲ್ಲಿ ೨೦೦೫ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಸೋನಿ ಬಿ.ಎಂ.ಜಿ. ಸಿ.ಡಿ. ಪ್ರಕರಣಕ್ಕೆ ವಿಶೇಷ ಸ್ಥಾನವಿದೆ. ಇದನ್ನು ಕೃತಿಸ್ವಾಮ್ಯದ ವಿವಾದಗಳ ಪಟ್ಟಿಯಲ್ಲಿ ಸೇರಿಸಿ ಮುಂದೆ ಸಾಗುವುದು ವಾಡಿಕೆ. ಇದರ ಮಹತ್ವವು ಬೇರೆಡೆ ಇದೆಯೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಹಿನ್ನೆಲೆಯಲ್ಲಿರುವುದು ಬೇರೆ, ಮರೆಯಲ್ಲಿರುವುದು ಬೇರೆ. ಈ ಎರಡರ ನಡುವಣ ಗೆರೆಯು ಸಾರ್ವಜನಿಕವಾಗಿ ಸ್ಪಷ್ಟಗೊಂಡುದು ಈ ಪ್ರಕರಣದಲ್ಲಿ ಎಂಬುದು ನಮ್ಮ ಅಭಿಪ್ರಾಯ.

೨

ಬಳಸುವವನ ಕಣ್ಣಿಗೆ ಬೀಳದೆ ಕೆಲಸಮಾಡುವ ಪ್ರೋಗ್ರಾಮು ಹೊಸದೇನೂ ಅಲ್ಲ. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ೧೯೬೩ರಲ್ಲಿ ಪ್ರಾರಂಭವಾದ ಮ್ಯಾಕ್ ಯೋಜನೆಯ ವಿದ್ವಾಂಸರು ಇಂತಹ ಪ್ರೋಗ್ರಾಮಿಗೆ 'ಡೀಮನ್' ಎಂದು ಹೆಸರಿಟ್ಟರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ್ದ, ಎಡೆಬಿಡದೆ ಅಣುಗಳನ್ನು ವಿಂಗಡಿಸುತ್ತಿರುವ ಅದೃಶ್ಯ ಸೇವಕನೇ ಈ ಹೆಸರಿಗೆ ಮೂಲ. ಮುದ್ರಣದ ಕೆಲಸಗಳನ್ನು ಸಾಲಾಗಿ ಕಳುಹಿಸುವುದು, ಕಡತಗಳ ಪ್ರತಿಗಳನ್ನು ತೆಗೆದಿರಿಸುವುದು ಮೊದಲಾದವು ಅಂದಿನಿಂದಲೂ ಹಿನ್ನೆಲೆಯಲ್ಲಿಯೇ ನಡೆಯುತ್ತ ಬಂದಿವೆ. ವೈಯಕ್ತಿಕ ಗಣಕಗಳ ಯುಗದಲ್ಲಿಯೂ, ೧೯೮೪ರಲ್ಲಿ ಬೋರ್‌ಲ್ಯಾಂಡ್ ಸಂಸ್ಥೆಯು ಹೊರತಂದ 'ಸೈಡ್‌ಕಿಕ್' ಎಂಬ ತಂತ್ರಾಂಶವು ಸ್ಮೃತಿಯಲ್ಲಿ ನೆಲೆಸಿದ್ದು, ಕರೆದಾಗ ಎದ್ದುಬಂದು ಕೆಲಸಮಾಡಿ ಹಿಂದೆ ಸರಿಯುತ್ತಿತ್ತು.

ಈ ಪ್ರೋಗ್ರಾಮುಗಳು ಕಣ್ಣಿಗೆ ಬೀಳುತ್ತಿರಲಿಲ್ಲವೇ ಹೊರತು ಲೆಕ್ಕಕ್ಕೆ ಸಿಗದೆ ಇರಲಿಲ್ಲ. ಯೂನಿಕ್ಸ್ ವ್ಯವಸ್ಥೆಯಲ್ಲಿ ಎರಡಕ್ಷರದ ಒಂದು ಆಜ್ಞೆಯನ್ನು ಕೊಟ್ಟರೆ ನಡೆಯುತ್ತಿರುವ ಸಮಸ್ತ ಕಾರ್ಯಗಳ ಪಟ್ಟಿ ಎದುರಿಗೆ ಬರುತ್ತದೆ. ವಿಂಡೋಸಿನಲ್ಲಿ 'ಟಾಸ್ಕ್ ಮ್ಯಾನೇಜರ್' ಇದೇ ಕೆಲಸವನ್ನು ಮಾಡುತ್ತದೆ. ಎಂದಮೇಲೆ ಹಿನ್ನೆಲೆಯ ಪ್ರೋಗ್ರಾಮನ್ನು ಮನೆಯ ಹಿತ್ತಿಲಲ್ಲಿ ದುಡಿಯುವ ಆಳಿಗೆ ಹೋಲಿಸಬಹುದು. ಆತನು ಪಡಸಾಲೆಗೆ ಬಾರದಿರಬಹುದು. ಆದರೆ ಯಜಮಾನನು ಹೆಸರು ಹಿಡಿದು ಕೂಗಿದರೆ ಓಗೊಡಬೇಕು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸುವುದು ಅವಶ್ಯ. ವಿಶ್ವವಿದ್ಯಾನಿಲಯದ ದೊಡ್ಡ ಗಣಕಕ್ಕೆ ತಜ್ಞನಾದ ಆಡಳಿತಗಾರನೊಬ್ಬನು ಇರುತ್ತಿದ್ದನು. ಮನೆಯ ಗಣಕಕ್ಕೆ ಒಡೆಯನೇ ಆಡಳಿತಗಾರ; ಅಧಿಕಾರವೆಲ್ಲ ಆತನದು, ಆದರೆ ಅದಕ್ಕೆ ತಕ್ಕ ತಿಳಿವಳಿಕೆ ಆತನಲ್ಲಿಲ್ಲ. ೧೯೯೫ರ ವಿಂಡೋಸ್‌ನಲ್ಲಿ ಸಿ.ಡಿ.ಯನ್ನು ಒಳಗಿಟ್ಟ ಮಾತ್ರಕ್ಕೆ ಅದರಲ್ಲಿರುವ ಪ್ರೋಗ್ರಾಮು ತಾನಾಗಿಯೇ ಆರಂಭವಾಗುವ 'ಆಟೋರನ್' ಎಂಬ ಏರ್ಪಾಡು ಬಂದಿತು. ಅನುಕೂಲಕ್ಕೆಂದು ತೆರೆದ ಆ ಬಾಗಿಲಿನಿಂದಲೇ ನಮ್ಮ ಪ್ರಕರಣವು ಒಳಹೊಕ್ಕಿತು.

೩

ಸೋನಿ ಮತ್ತು ಬರ್ಟೆಲ್ಸ್‌ಮನ್ ಸಂಸ್ಥೆಗಳ ಸಂಗೀತ ವಿಭಾಗಗಳು ೨೦೦೪ರಲ್ಲಿ ಒಂದಾಗಿ ಸೋನಿ ಬಿ.ಎಂ.ಜಿ. ಆಯಿತು. ಧ್ವನಿಮುದ್ರಣದ ಉದ್ಯಮವು ಆಗ ನಿಜವಾದ ಸಂಕಟದಲ್ಲಿದ್ದಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ೧೯೯೯ರಲ್ಲಿ ನ್ಯಾಪ್‌ಸ್ಟರ್ ಹುಟ್ಟಿದಂದಿನಿಂದ ಹಾಡುಗಳನ್ನು ಹಣ ಕೊಡದೆ ಹಂಚಿಕೊಳ್ಳುವುದು ರೂಢಿಯಾಗಿತ್ತು. ಇದನ್ನು ತಡೆಯುವುದಕ್ಕಾಗಿ ಸಂಸ್ಥೆಯು ಫಸ್ಟ್ ಫೋರ್ ಇಂಟರ್‌ನೆಟ್ ಎಂಬ ಬ್ರಿಟಿಷ್ ಕಂಪನಿಯು ತಯಾರಿಸಿದ 'ಎಕ್ಸ್.ಸಿ.ಪಿ.' ಎಂಬ ತಂತ್ರಾಂಶವನ್ನು ತನ್ನ ಕೆಲವು ಸಿ.ಡಿ.ಗಳಲ್ಲಿ ಸೇರಿಸಿತು.

ಇದರ ಕ್ರಮ ಹೀಗಿದ್ದಿತು. ವಿಂಡೋಸ್ ಗಣಕದಲ್ಲಿ ಸಿ.ಡಿ.ಯನ್ನು ಇಟ್ಟೊಡನೆ ಒಂದು ಕರಾರುಪತ್ರ ತೆರೆಯುತ್ತಿತ್ತು. ಒಂದು ಚಿಕ್ಕ ಪ್ರೋಗ್ರಾಮನ್ನು ಸ್ಥಾಪಿಸಲಾಗುವುದೆಂದು ಅದರಲ್ಲಿ ಹೇಳಿದ್ದಿತು. ಒಪ್ಪಿದವನ ಗಣಕದಲ್ಲಿ ಹಾಡು ನುಡಿಸುವ ಪ್ರೋಗ್ರಾಮಿನ ಜೊತೆಗೆ, ವ್ಯವಸ್ಥೆಯ ಅಂತರಾಳಕ್ಕೆ ಇಳಿಯುವ ಮತ್ತೊಂದು ಭಾಗವೂ ನೆಲೆಗೊಳ್ಳುತ್ತಿತ್ತು. ಎರಡು ಡಾಲರ್ ಚಿಹ್ನೆಗಳ ನಡುವೆ 'ಸಿಸ್' ಎಂದು ಹೆಸರು ಆರಂಭವಾಗುವ ಯಾವ ಕಡತವಾಗಲಿ, ಯಾವ ಕಾರ್ಯವಾಗಲಿ ಪಟ್ಟಿಗಳಲ್ಲಿ ಕಾಣದಂತೆ ಮಾಡುವುದೇ ಈ ಭಾಗದ ಕೆಲಸ. ಇಂತಹ ಉಪಾಯಕ್ಕೆ 'ರೂಟ್‌ಕಿಟ್' ಎಂದು ಹೆಸರು. ಅನ್ಯರ ಗಣಕಗಳಿಗೆ ನುಗ್ಗಿದವರು ತಮ್ಮ ಹೆಜ್ಜೆಗಳನ್ನು ಮರೆಸಲು ಬಳಸುತ್ತಿದ್ದ ಸಾಧನವಿದು. ಅಡಗಿದ್ದ ಪ್ರೋಗ್ರಾಮು ಸಿ.ಡಿ. ಹಾಕಿರದ ಸಮಯದಲ್ಲಿಯೂ ಗಣಕದ ಇತರ ಕಾರ್ಯಗಳನ್ನು ಸತತವಾಗಿ ತಪಾಸಣೆ ಮಾಡುತ್ತಿತ್ತು. ತೆಗೆದುಹಾಕುವ ಮಾರ್ಗವನ್ನು ಒದಗಿಸಿರಲಿಲ್ಲ. ತಾನೇ ಕಡತಗಳನ್ನು ಅಳಿಸಹೋದವನ ಗಣಕದಲ್ಲಿ ಸಿ.ಡಿ. ಡ್ರೈವೇ ಕಾಣದಂತಾಗುತ್ತಿತ್ತು.

ಕರಾರುಪತ್ರದಲ್ಲಿ ಮರೆಮಾಚುವ ಸಂಗತಿಯು ಇರಲಿಲ್ಲವೆಂಬುದೇ ಮುಖ್ಯ. ಒಪ್ಪಿಗೆಯನ್ನು ಪಡೆದದ್ದು ಒಂದಕ್ಕೆ, ಮಾಡಿದ್ದು ಮತ್ತೊಂದು. ಸನ್‌ಕಾಂ ಎಂಬ ಕಂಪನಿಯಿಂದ ಪಡೆದು ಬೇರೆ ಕೆಲವು ಸಿ.ಡಿ.ಗಳಲ್ಲಿ ಸೇರಿಸಿದ್ದ 'ಮೀಡಿಯಾಮ್ಯಾಕ್ಸ್' ಎಂಬ ತಂತ್ರಾಂಶವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಬಳಸುವವನು ಕರಾರನ್ನು ನಿರಾಕರಿಸಿದರೂ ಅದರ ಕಡತಗಳು ಗಣಕದಲ್ಲಿ ಉಳಿದುಬಿಡುತ್ತಿದ್ದವು.

೪

ಈ ಸಂಗತಿಯು ಬಯಲಾದ ಬಗೆ ಇತಿಹಾಸದ ವಿದ್ಯಾರ್ಥಿಗಳ ವಿಶೇಷ ಗಮನಕ್ಕೆ ಅರ್ಹವಾದುದು. ವಿಂಡೋಸಿನ ಒಳರಚನೆಯನ್ನು ಚೆನ್ನಾಗಿ ಬಲ್ಲ ಮಾರ್ಕ್ ರುಸಿನೊವಿಚ್ ಅವರು ತಾವು ರಚಿಸಿದ್ದ ರೂಟ್‌ಕಿಟ್ ಪತ್ತೆಯ ಸಾಧನವೊಂದನ್ನು ತಮ್ಮ ಗಣಕದ ಮೇಲೆಯೇ ಪರೀಕ್ಷಿಸುತ್ತಿದ್ದರು. ಆ ಸಾಧನದ ತತ್ತ್ವ ಸರಳ. ಡಿಸ್ಕಿನಲ್ಲಿ ಏನೇನಿದೆಯೆಂದು ಅದು ಮೊದಲು ವಿಂಡೋಸನ್ನೇ ಕೇಳುತ್ತದೆ. ಅನಂತರ ವಿಂಡೋಸಿನ ಮಾತನ್ನು ಬದಿಗಿಟ್ಟು ಡಿಸ್ಕಿನ ಮೇಲಣ ಬರಹವನ್ನು ತಾನೇ ಓದುತ್ತದೆ. ಬಳಿಕ ಎರಡು ಪಟ್ಟಿಗಳನ್ನು ಎದುರುಬದುರಾಗಿ ಇಡುತ್ತದೆ. ಎರಡನೆಯದರಲ್ಲಿದ್ದು ಮೊದಲನೆಯದರಲ್ಲಿ ಇಲ್ಲದುದು ಯಾವುದೋ ಅದನ್ನು ಯಾರೋ ಮರೆಮಾಚಿದ್ದಾರೆಂದು ಅರ್ಥ.

ಒಂದೇ ಘಟನೆಗೆ ಸಂಬಂಧಿಸಿದ ಎರಡು ಸ್ವತಂತ್ರ ಆಧಾರಗಳನ್ನು ಹೋಲಿಸಿ ನೋಡುವ ನಮ್ಮ ವಿಧಾನಕ್ಕೂ ಇದಕ್ಕೂ ಭೇದವಿಲ್ಲ. ತಾಮ್ರಪಟವೊಂದು ಕೂಟಶಾಸನವೇ ಅಲ್ಲವೇ ಎಂಬುದನ್ನು ಆ ತಾಮ್ರಪಟದ ಮಾತನ್ನಷ್ಟೇ ನಂಬಿ ನಿರ್ಣಯಿಸಲಾಗದು. ಲಿಪಿ, ತಿಥಿ, ಇತರ ಶಾಸನಗಳು ಇವುಗಳ ಸಾಕ್ಷ್ಯವನ್ನು ಕೇಳಬೇಕು. ರುಸಿನೊವಿಚ್ ಅವರೂ ಹಾಗೆಯೇ ಒಂದೊಂದೇ ಸುಳಿವನ್ನು ಹಿಡಿದು ನಡೆದರು. ಅಡಗಿದ್ದ ಸೇವೆಯೊಂದಕ್ಕೆ ವಿಂಡೋಸಿನದೇ ಅಂಗವೆಂದು ಭ್ರಮೆ ಹುಟ್ಟಿಸುವ ಹೆಸರನ್ನು ಇಟ್ಟಿದ್ದರು. ಕಡತಗಳಲ್ಲಿ ಕಂಡ ಕಂಪನಿಯ ಹೆಸರಿನ ಜಾಡು ಕೊನೆಗೆ ಅವರೇ ಕೊಂಡಿದ್ದ ವ್ಯಾನ್ ಜಾಂಟ್ ಸಹೋದರರ ಸಂಗೀತದ ಸಿ.ಡಿ.ಗೆ ಮುಟ್ಟಿತು. ೨೦೦೫ರ ಅಕ್ಟೋಬರ್ ೩೧ರಂದು ಅವರು ಈ ವೃತ್ತಾಂತವನ್ನೆಲ್ಲ ಬರೆದು ಪ್ರಕಟಿಸಿದರು.

೫

ಸಂಸ್ಥೆಯ ಮೊದಲ ಉತ್ತರವು ತಪ್ಪೊಪ್ಪಿಗೆಯಾಗಿರಲಿಲ್ಲ. ರೂಟ್‌ಕಿಟ್ ಎಂದರೇನೆಂಬುದೇ ಬಹುಮಂದಿಗೆ ತಿಳಿಯದು, ಅಂದಮೇಲೆ ಅವರೇಕೆ ಚಿಂತಿಸಬೇಕು ಎಂಬ ಅರ್ಥದ ಮಾತನ್ನು ಅದರ ಹಿರಿಯ ಅಧಿಕಾರಿಯೊಬ್ಬರು ನವೆಂಬರ್ ಆದಿಯಲ್ಲಿ ರೇಡಿಯೋದಲ್ಲಿ ಆಡಿದರು. ಈ ಮಾತನ್ನು ಉದ್ಧಟತನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಒಂದು ವಾದವೂ ಹೌದು. ಅರಿಯದವನಿಗೆ ಹಾನಿಯಿಲ್ಲ ಎಂಬುದೇ ಆ ವಾದ.

ವಾದವು ನಿಂತದ್ದು ಕೆಲವೇ ದಿನ. ಮರೆಮಾಚುವ ಯಂತ್ರಕ್ಕೆ ತನ್ನ ಒಡೆಯನಾರೆಂಬ ವಿವೇಚನೆಯಿರಲಿಲ್ಲ; ಹೆಸರಿನ ಆರಂಭವೊಂದು ಸರಿಯಿದ್ದರೆ ಯಾರ ಕಡತವನ್ನಾದರೂ ಅದು ಅಡಗಿಸುತ್ತಿತ್ತು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಿ ಮೋಸ ಮಾಡುವವರು ತಮ್ಮ ಪ್ರೋಗ್ರಾಮುಗಳನ್ನು ಮೊದಲು ಅದರ ಮರೆಯಲ್ಲಿ ನಿಲ್ಲಿಸಿದರು. ನವೆಂಬರ್ ೧೦ರ ಹೊತ್ತಿಗೆ ಅದೇ ಮರೆಯನ್ನು ಆಶ್ರಯಿಸಿದ ದುಷ್ಟ ತಂತ್ರಾಂಶವೂ ಕಾಣಿಸಿಕೊಂಡಿತು. ಸಂಸ್ಥೆಯು ಪರಿಹಾರಾರ್ಥವಾಗಿ ಒದಗಿಸಿದ ತೆಗೆದುಹಾಕುವ ಸಾಧನವು ಅಂತರಜಾಲದ ಯಾವ ಪುಟವಾದರೂ ಗಣಕವನ್ನು ವಶಪಡಿಸಿಕೊಳ್ಳಬಹುದಾದ ರಂಧ್ರವನ್ನು ಉಳಿಸುತ್ತಿತ್ತೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಫೆಲ್ಟನ್ ಮತ್ತು ಅಲೆಕ್ಸ್ ಹಾಲ್ಡರ್ಮನ್ ತೋರಿಸಿಕೊಟ್ಟರು. ಒಡೆಯನಿಗೆ ಕಾಣದಂತೆ ಒಬ್ಬನು ಕಟ್ಟಿದ ಮರೆಯು ಎಲ್ಲ ಕಳ್ಳರಿಗೂ ಮರೆಯಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ನವೆಂಬರ್ ಮಧ್ಯಭಾಗದಲ್ಲಿ ಸಂಸ್ಥೆಯು ಎಕ್ಸ್.ಸಿ.ಪಿ. ಇದ್ದ ೫೨ ಶೀರ್ಷಿಕೆಗಳ ಸಿ.ಡಿ.ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಇವುಗಳಲ್ಲಿ ಸುಮಾರು ೪೭ ಲಕ್ಷ ಪ್ರತಿಗಳು ತಯಾರಾಗಿ ಸುಮಾರು ೨೧ ಲಕ್ಷ ಮಾರಾಟವಾಗಿದ್ದವು. ಭದ್ರತಾ ತಜ್ಞ ಡಾನ್ ಕಾಮಿನ್ಸ್ಕಿಯವರು ಅಂತರಜಾಲದ ವಿಳಾಸಗಳನ್ನು ಹುಡುಕಿಕೊಡುವ ಸರ್ವರುಗಳಲ್ಲಿ ಉಳಿದಿದ್ದ ಗುರುತುಗಳನ್ನು ಎಣಿಸಿ, ಈ ತಂತ್ರಾಂಶದ ಸುಳಿವು ೫ ಲಕ್ಷಕ್ಕೂ ಹೆಚ್ಚು ಸರ್ವರುಗಳಲ್ಲಿ ಇದೆಯೆಂದು ತೋರಿಸಿದರು.

೬

ಇನ್ನು ಸಾಮಾನ್ಯವಾಗಿ ಅಲಕ್ಷ್ಯಕ್ಕೆ ಗುರಿಯಾಗಿರುವ ಒಂದು ಅಂಶವನ್ನು ಪರಿಶೀಲಿಸೋಣ. ಅಕ್ಟೋಬರ್ ೩೧ಕ್ಕೆ ಮೊದಲೇ ಈ ಸಂಗತಿಯನ್ನು ಬಲ್ಲವರು ಇದ್ದರು. ಫಿನ್‌ಲ್ಯಾಂಡಿನ ಎಫ್-ಸೆಕ್ಯೂರ್ ಕಂಪನಿಯು ಅಕ್ಟೋಬರ್ ಆದಿಯಲ್ಲಿಯೇ ಸೋನಿ ಬಿ.ಎಂ.ಜಿ.ಗೆ ವಿಷಯವನ್ನು ತಿಳಿಸಿತ್ತು. ಫೆಲ್ಟನ್ ಮತ್ತು ಹಾಲ್ಡರ್ಮನ್ ಅವರಿಗೂ ಸುಮಾರು ಒಂದು ತಿಂಗಳ ಮುಂಚೆಯೇ ಇದು ಗೊತ್ತಾಗಿತ್ತು. ಆದರೆ ವಕೀಲರೊಡನೆ ಸಮಾಲೋಚಿಸುವುದರಲ್ಲಿ ಕಾಲ ಕಳೆಯಿತೆಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಪ್ರತಿತಡೆಯನ್ನು ಭೇದಿಸುವುದನ್ನು ನಿಷೇಧಿಸುವ ೧೯೯೮ರ ಡಿಜಿಟಲ್ ಮಿಲೆನಿಯಮ್ ಕೃತಿಸ್ವಾಮ್ಯ ಶಾಸನದ ಭಯವೇ ಇದಕ್ಕೆ ಕಾರಣ. ಭಯವು ಆಧಾರರಹಿತವೂ ಆಗಿರಲಿಲ್ಲ. ೨೦೦೩ರಲ್ಲಿ ಹಾಲ್ಡರ್ಮನ್ ಅವರು ವಿದ್ಯಾರ್ಥಿಯಾಗಿದ್ದಾಗ, ಶಿಫ್ಟ್ ಕೀಲಿಯನ್ನು ಒತ್ತಿಹಿಡಿದರೆ ಮೀಡಿಯಾಮ್ಯಾಕ್ಸ್ ಆರಂಭವಾಗದೆಂದು ಬರೆದುದಕ್ಕಾಗಿ ಸನ್‌ಕಾಂ ಕಂಪನಿಯು ಮೊಕದ್ದಮೆಯ ಬೆದರಿಕೆ ಹಾಕಿ ಅನಂತರ ಹಿಂತೆಗೆದುಕೊಂಡಿತ್ತು.

ಆದುದರಿಂದ ಮರೆಯು ಎರಡು ಪದರಗಳದಾಗಿತ್ತೆನ್ನಬೇಕು. ತಂತ್ರಾಂಶವು ಪ್ರೋಗ್ರಾಮನ್ನು ಒಡೆಯನಿಂದ ಮರೆಸಿತು. ಕಾನೂನಿನ ಭಯವು ಬಲ್ಲವರ ಬಾಯನ್ನು ಒಂದು ತಿಂಗಳ ಕಾಲ ಕಟ್ಟಿತು. ಆ ತಿಂಗಳಲ್ಲಿಯೂ ಸಿ.ಡಿ.ಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇದ್ದವು. ಈ ಎರಡನೆಯ ಪದರವನ್ನು ಗಣಿಸದೆ ಬರೆದ ಇತಿಹಾಸವು ಅಪೂರ್ಣವೆಂಬುದು ನಮ್ಮ ಭಾವನೆ. ೨೦೦೬ರ ನವೆಂಬರಿನಲ್ಲಿ ಗಣಕದ ಭದ್ರತೆಗೆ ಧಕ್ಕೆ ತರುವ ಸಿ.ಡಿ. ರಕ್ಷಣೆಗಳನ್ನು ಸದುದ್ದೇಶದಿಂದ ಪರೀಕ್ಷಿಸುವವರಿಗೆ ಆ ಶಾಸನದಿಂದ ವಿನಾಯಿತಿ ದೊರೆತುದು ಈ ಪ್ರಕರಣದ ಸತ್ಫಲಗಳಲ್ಲೊಂದು.

೭

ನ್ಯಾಯಾಲಯಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೨೦೦೫ರ ನವೆಂಬರ್ ೨೧ರಂದು ಟೆಕ್ಸಾಸ್ ಸಂಸ್ಥಾನವು ತನ್ನ ಹೊಸ ಗೂಢಚಾರ-ತಂತ್ರಾಂಶ ವಿರೋಧಿ ಶಾಸನದ ಮೇರೆಗೆ ದಾವೆ ಹೂಡಿತು. ಗ್ರಾಹಕರ ಸಾಮೂಹಿಕ ದಾವೆಯು ೨೦೦೬ರ ಮೇ ತಿಂಗಳಲ್ಲಿ ರಾಜಿಯಲ್ಲಿ ಮುಗಿಯಿತು. ಸಂಯುಕ್ತ ಸರ್ಕಾರದ ವ್ಯಾಪಾರ ಆಯೋಗವು ೨೦೦೭ರಲ್ಲಿ ಮಾಡಿಕೊಂಡ ಒಪ್ಪಂದವೇ ಇವುಗಳಲ್ಲಿ ಮುಖ್ಯವಾದುದು. ಸ್ಥಾಪನೆಗೆ ಮುನ್ನ ಸ್ಪಷ್ಟವಾದ ತಿಳುವಳಿಕೆ ಕೊಟ್ಟು ಒಪ್ಪಿಗೆ ಪಡೆಯುವುದು, ತೆಗೆದುಹಾಕಲು ಸುಲಭವಾದ ಮಾರ್ಗವನ್ನು ಒದಗಿಸುವುದು, ಹಾನಿಗೊಂಡ ಗಣಕದ ದುರಸ್ತಿಗೆ ೧೫೦ ಡಾಲರುಗಳವರೆಗೆ ತೆರುವುದು ಇವು ಅದರ ಷರತ್ತುಗಳು.

ಇಷ್ಟರಿಂದ ಪಾಠ ಪೂರ್ಣವಾಯಿತೆಂದು ಹೇಳುವಂತಿಲ್ಲ. ೨೦೧೪ರ ಸೆಪ್ಟೆಂಬರಿನಿಂದ ಲೆನೊವೊ ಸಂಸ್ಥೆಯ ಕೆಲವು ಲ್ಯಾಪ್‌ಟಾಪುಗಳಲ್ಲಿ 'ಸೂಪರ್‌ಫಿಶ್' ಎಂಬ ಜಾಹೀರಾತಿನ ತಂತ್ರಾಂಶವು ಮಾರಾಟಕ್ಕೆ ಮೊದಲೇ ನೆಲೆಗೊಂಡಿದ್ದು, ಬಳಸುವವನಿಗೂ ಅಂತರಜಾಲದ ಸುರಕ್ಷಿತ ಪುಟಗಳಿಗೂ ನಡುವೆ ನಿಂತು ಸಂಭಾಷಣೆಯನ್ನು ಓದುತ್ತಿತ್ತು. ಇದು ೨೦೧೫ರ ಫೆಬ್ರುವರಿಯಲ್ಲಿ ಬಯಲಾಯಿತು. ಅದೇ ವ್ಯಾಪಾರ ಆಯೋಗವು ೨೦೧೭ರಲ್ಲಿ ಇದಕ್ಕೂ ಒಪ್ಪಂದದ ಕಟ್ಟು ಹಾಕಬೇಕಾಯಿತು. ಮೊದಲನೆಯದು ಕೊಂಡ ಸಿ.ಡಿ.ಯೊಡನೆ ಬಂದಿತು, ಎರಡನೆಯದು ಕೊಂಡ ಯಂತ್ರದೊಡನೆಯೇ ಬಂದಿತು. ಬಾಗಿಲು ಬದಲಾಯಿತೇ ಹೊರತು ಮನೋಧರ್ಮ ಬದಲಾಗಲಿಲ್ಲ.

ಮೇಲಿನ ಪರಿಶೀಲನೆಯಿಂದ ಎರಡು ಅಂಶಗಳು ವಿದಿತವಾಗುತ್ತವೆ. ಹಿನ್ನೆಲೆಯ ಪ್ರೋಗ್ರಾಮುಗಳಿಲ್ಲದೆ ಗಣಕವು ನಡೆಯಲಾರದು. ಆದಕಾರಣ ಅವುಗಳನ್ನೆಲ್ಲ ಸಂದೇಹದಿಂದ ನೋಡುವುದು ಯುಕ್ತವಲ್ಲ. ತಮ್ಮ ಹೆಸರು, ಕೆಲಸ, ಹೊರಹಾಕುವ ಮಾರ್ಗ ಇವನ್ನು ಕೇಳಿದಾಗ ತಿಳಿಸುತ್ತವೆಯೇ ಎಂಬುದೊಂದೇ ಅವುಗಳಿಗೆ ಒಡ್ಡಬೇಕಾದ ಪರೀಕ್ಷೆ. ಎರಡನೆಯದಾಗಿ, ೨೦೦೫ರಲ್ಲಿ ಸತ್ಯವು ಹೊರಬಂದುದು ಕರಾರುಪತ್ರದಿಂದಲೂ ಅಲ್ಲ, ಶಾಸನದಿಂದಲೂ ಅಲ್ಲ. ಯಂತ್ರವು ಕೊಟ್ಟ ಪಟ್ಟಿಯನ್ನು ಇದ್ದಂತೆಯೇ ನಂಬದೆ ಮತ್ತೊಂದು ಪಟ್ಟಿಯೊಡನೆ ಹೋಲಿಸಿ ನೋಡಿದವನೊಬ್ಬನಿಂದ. ಆಧಾರಗಳನ್ನು ಪ್ರಶ್ನಿಸುವ ಈ ಅಭ್ಯಾಸವನ್ನು ನಮ್ಮ ತರಗತಿಗಳಲ್ಲಿ ನಾವು ಶಾಸನ-ಕಡತಗಳ ಸಂದರ್ಭದಲ್ಲಿ ಕಲಿಸುತ್ತ ಬಂದಿದ್ದೇವೆ. ವಿದ್ಯಾರ್ಥಿಯ ಮೇಜಿನ ಮೇಲಿರುವ ಯಂತ್ರಕ್ಕೂ ಅದು ಅನ್ವಯಿಸುವುದೆಂದು ಹೇಳಿಕೊಡುವ ಹೊಣೆಯೂ ನಮ್ಮದೇ.