ಸರ್ಕಾರಿ ಅನುವಾದದಲ್ಲಿ ಉಳಿದ ನಮ್ಮ ಪತ್ರಿಕೆಗಳು

ಕನ್ನಡ ಪತ್ರಿಕೆಗಳ ಚರಿತ್ರೆ ಎಂದೊಡನೆ ನಾವೆಲ್ಲ 1843ರ ಜುಲೈ 1ಕ್ಕೆ ಹೋಗುತ್ತೇವೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಅಂದು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಜುಲೈ 1 ಈಗ ನಮ್ಮ ಪತ್ರಿಕಾ ದಿನ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ವಿಜಯಪುರದಿಂದಲೋ ಧಾರವಾಡದಿಂದಲೋ ಬಂದು ಕುರಕುಂಭದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಒಬ್ಬರು, ‘ನೂರಿಪ್ಪತ್ತು ವರ್ಷದ ಹಿಂದೆ ನಮ್ಮ ಊರಲ್ಲಿ ಯಾವ ಪತ್ರಿಕೆ ಓದುತ್ತಿದ್ದರು, ಅದರಲ್ಲಿ ಏನು ಬರುತ್ತಿತ್ತು?’ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಅದನ್ನು ಹುಡುಕಲು ಗ್ರಂಥಾಲಯಕ್ಕೇ ಹೋಗಬೇಕು. ಕುರಕುಂಭದಿಂದ ಸೋಲಾಪುರ ರಸ್ತೆ ಹಿಡಿದು ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ಹೋದರೆ ಪುಣೆ, ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಬಹುದು.

ಯಾಕೆ ಪುಣೆ? ಅಂದಿನ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಮುಂಬೈ ಪ್ರಾಂತದಲ್ಲಿದ್ದವು. ಆ ಭಾಗದ ಓದಿದವರ ಕಣ್ಣು ಪುಣೆಯ ಮೇಲಿತ್ತು. 1881ರಲ್ಲಿ ಇಲ್ಲಿ ಹುಟ್ಟಿದ ‘ಕೇಸರಿ’ಯನ್ನು ಕನ್ನಡ ಜಿಲ್ಲೆಗಳಲ್ಲೂ ಓದುತ್ತಿದ್ದರು. ಆಲೂರು ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಊರಿಗೆ ಮರಳಿ, ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ದ ಸಂಪಾದಕರಾದರು, 1922ರಲ್ಲಿ ‘ಜಯ ಕರ್ನಾಟಕ’ ಆರಂಭಿಸಿದರು. ಮರಾಠಿ ಪತ್ರಿಕೆಯನ್ನು ನೋಡಿ ಕನ್ನಡ ಪತ್ರಿಕೆ ಕಟ್ಟಿದ ಆ ತಲೆಮಾರಿನ ಕಥೆ ಅರ್ಧ ಈ ಊರಿನಲ್ಲೇ ಇದೆ.

ಪುಣೆ ವಿಶ್ವವಿದ್ಯಾಲಯ ಕೆಲಸ ಆರಂಭಿಸಿದ್ದು 1949ರಲ್ಲಿ. ಅದರ ಗ್ರಂಥಾಲಯಕ್ಕೆ ಮೊದಲ ಕುಲಪತಿ ಮುಕುಂದ ರಾಮರಾವ್ ಜಯಕರರ ಹೆಸರಿದೆ. ಪತ್ರಿಕೋದ್ಯಮ ಮತ್ತು ಸಂವಹನ ಕಲಿಸುವ ವಿಭಾಗ ಫರ್ಗ್ಯುಸನ್ ರಸ್ತೆಯ ರಾನಡೆ ಸಂಸ್ಥೆಯಲ್ಲಿ ಬೆಳೆಯಿತು. ಸಂವಹನ ಅಧ್ಯಯನ ಎಂದರೆ ಟಿವಿ, ಜಾಹೀರಾತು ಎಂದಷ್ಟೇ ತಿಳಿದವರಿಗೆ ಒಂದು ಮಾತು ಹೇಳಬೇಕು. ಒಂದು ಊರಿನ ಸುದ್ದಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ದಾರಿಯಲ್ಲಿ ಏನು ಉದುರಿತು ಎಂಬುದೂ ಆ ಶಾಸ್ತ್ರದ ವಿಷಯವೇ.

ಇಂಥ ಗ್ರಂಥಾಲಯದಲ್ಲಿ ಮೊದಲ ತೊಡಕು ಹೆಸರಿನದು. ಗ್ರಂಥಸೂಚಿಯಲ್ಲಿ ‘ಕನ್ನಡ’ ಎಂದು ಹುಡುಕಿದರೆ ಹಳೆಯದು ಬಹಳಷ್ಟು ತಪ್ಪಿಹೋಗುತ್ತದೆ. ಬ್ರಿಟಿಷರ ಕಡತದಲ್ಲಿ ನಮ್ಮ ಭಾಷೆ ‘ಕ್ಯಾನರೀಸ್’. ಧಾರವಾಡ ‘ಧಾರ್ವಾರ್’, ಬೆಳಗಾವಿ ‘ಬೆಲ್ಗಾಮ್’, ವಿಜಾಪುರ ‘ಬಿಜಾಪುರ್’. ‘ಕ್ಯಾನರೀಸ್’ ಪದವನ್ನೇ ಎರಡು ಮೂರು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ ನೋಡಬೇಕು. ಎರಡನೆಯದು, ನೇರವಾಗಿ ಪತ್ರಿಕೆಗೆ ಕೈಹಾಕುವ ಬದಲು ಹಿಂದಿನವರು ಬರೆದ ಚರಿತ್ರೆಯಿಂದ ಹೊರಡುವುದು ಒಳ್ಳೆಯದು. ಮೈಸೂರಿನಲ್ಲಿ ಪತ್ರಿಕೋದ್ಯಮ ಕಲಿಸಿದ ನಾಡಿಗ ಕೃಷ್ಣಮೂರ್ತಿಯವರ ಭಾರತೀಯ ಪತ್ರಿಕೋದ್ಯಮದ ಇಂಗ್ಲಿಷ್ ಚರಿತ್ರೆ 1966ರದು. ಹತ್ತೊಂಬತ್ತನೆಯ ಶತಮಾನದ ಕನ್ನಡಕ್ಕೆ ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ ಇದೆ. ಹಾವನೂರರು ವೃತ್ತಿಯಿಂದ ಗ್ರಂಥಪಾಲಕರು, ಮುಂಬೈಯಲ್ಲಿ ದುಡಿದವರು. ಊರು ಬಿಟ್ಟು ಬಂದ ನಮ್ಮಂಥವರ ಸಾಲಿನವರೇ. ಇಂಥ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಬರೆದುಕೊಂಡರೆ ಮುಂದಿನ ಕಪಾಟು ಯಾವುದು ಎಂದು ತಿಳಿಯುತ್ತದೆ.

ಆ ಅಡಿಟಿಪ್ಪಣಿಗಳು ಕೊನೆಗೆ ಕರೆದೊಯ್ಯುವ ಜಾಗ ಒಂದಿದೆ: ಮುಂಬೈ ಸರ್ಕಾರದ ‘ದೇಶೀ ಪತ್ರಿಕೆಗಳ ವರದಿ’. 1857ರ ದಂಗೆಯ ನಂತರ, ದೇಶಭಾಷೆಯಲ್ಲಿ ಜನ ಏನು ಬರೆಯುತ್ತಾರೆ ಎಂಬ ಚಿಂತೆ ಆಳುವವರಿಗೆ ಹೆಚ್ಚಾಯಿತು. 1867ರ ಕಾಯ್ದೆಯಂತೆ ಮುದ್ರಣಾಲಯ ಇಟ್ಟವರೂ ಪತ್ರಿಕೆ ಹೊರಡಿಸುವವರೂ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಸಲ್ಲಿಸಬೇಕಾಯಿತು. ಆಮೇಲೆ ವಾರವಾರ ಪತ್ರಿಕೆಗಳನ್ನು ಓದಿಸಿ, ಬೇಕಾದ ಭಾಗಗಳನ್ನು ಇಂಗ್ಲಿಷಿಗೆ ಸಾರಾಂಶ ಮಾಡಿಸಿ, ಅಧಿಕಾರಿಗಳಿಗಾಗಿ ಗುಟ್ಟಾಗಿ ಅಚ್ಚು ಹಾಕಿಸುವ ಪದ್ಧತಿ ಬೆಳೆಯಿತು. ಈ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ.

ವರದಿಯ ಜೊತೆ ಬರುವ ಪಟ್ಟಿ ನೋಡಬೇಕು. ಪತ್ರಿಕೆಯ ಹೆಸರು, ಊರು, ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ, ಸಂಪಾದಕರ ಹೆಸರು, ಜಾತಿ, ವಯಸ್ಸು, ಎಷ್ಟು ಪ್ರತಿ ಖರ್ಚಾಗುತ್ತದೆ ಎಲ್ಲವೂ ಅಲ್ಲಿದೆ. ಇಂಗ್ಲಿಷ್, ಮರಾಠಿ, ಗುಜರಾತಿಗಳ ಉದ್ದನೆಯ ಸಾಲುಗಳ ನಡುವೆ ಪುಟ್ಟದಾಗಿ ‘ಕ್ಯಾನರೀಸ್’. ಅಲ್ಲಿ ಧಾರವಾಡದ ‘ಕರ್ನಾಟಕ ವೃತ್ತ’, ‘ಲೋಕಬಂಧು’, ಗದಗಿನ ‘ರಸಿಕರಂಜಿನಿ’ಯಂಥ ಹೆಸರುಗಳು ಕಾಣುತ್ತವೆ. ವಿಜಾಪುರದ ‘ಕರ್ನಾಟಕ ವೈಭವ’ದ ಹೆಸರೂ ಈ ವರದಿಗಳಲ್ಲಿ ಸಿಗುತ್ತದೆ. ಪ್ರತಿಗಳು ಕೆಲವೇ ನೂರು. ಆದರೆ ಅಂದು ಒಂದು ಪ್ರತಿಯನ್ನು ಒಬ್ಬ ಗಟ್ಟಿಯಾಗಿ ಓದಿ ಹತ್ತು ಜನ ಕೇಳುತ್ತಿದ್ದರು. ಹೀಗಾಗಿ ಪ್ರತಿಗಳ ಸಂಖ್ಯೆಯೇ ಓದುಗರ ಸಂಖ್ಯೆ ಎಂದು ತಿಳಿಯಬಾರದು.

ಇನ್ನೂ ದೊಡ್ಡ ಎಚ್ಚರ ಅನುವಾದದ್ದು. ಸರ್ಕಾರದ ಅನುವಾದಕ ಆರಿಸುತ್ತಿದ್ದುದು ಸರ್ಕಾರಕ್ಕೆ ಬೇಕಾದದ್ದನ್ನು: ಕಂದಾಯದ ದೂರು, ಅರಣ್ಯ ಇಲಾಖೆಯ ಮೇಲಿನ ಸಿಟ್ಟು, ಬರಗಾಲ, ಪ್ಲೇಗಿನ ಕಾಲದ ಮನೆ ತಪಾಸಣೆ. 1897ರಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಾಯಿತು, ಅದೇ ವರ್ಷ ತಿಲಕರಿಗೆ ರಾಜದ್ರೋಹದ ಶಿಕ್ಷೆಯಾಯಿತು. ಅಂಥ ದಿನಗಳಲ್ಲಿ ಸರ್ಕಾರ ಪತ್ರಿಕೆಗಳ ಪ್ರತಿ ಸಾಲಿನಲ್ಲೂ ರಾಜದ್ರೋಹದ ವಾಸನೆ ಹುಡುಕುತ್ತಿತ್ತು. ಅದೇ ಪತ್ರಿಕೆಯಲ್ಲಿದ್ದ ಪದ್ಯ, ನಾಟಕ ಕಂಪನಿಯ ಜಾಹೀರಾತು, ಹತ್ತಿಯ ಪೇಟೆ ಧಾರಣೆ, ಜಾತ್ರೆಯ ಸುದ್ದಿ ಯಾವುದೂ ಅವರಿಗೆ ಬೇಕಿರಲಿಲ್ಲ. ಆದ್ದರಿಂದ ಈ ವರದಿಗಳನ್ನಷ್ಟೇ ಓದಿದವರಿಗೆ ನಮ್ಮ ಪತ್ರಿಕೆಗಳು ಬೆಳಗಿನಿಂದ ಸಂಜೆಯವರೆಗೆ ಸರ್ಕಾರವನ್ನೇ ಬೈಯುತ್ತಿದ್ದವು ಎನಿಸುತ್ತದೆ. ಸಂಪಾದಕರ ಕನ್ನಡ ಹೇಗಿತ್ತು, ಸಂಸ್ಕೃತ ಎಷ್ಟು, ಧಾರವಾಡದ ಆಡುಮಾತು ಎಷ್ಟು, ಇದೂ ಇಂಗ್ಲಿಷಿನಲ್ಲಿ ಅಳಿಸಿಹೋಗಿದೆ. ಮೂಲ ಸಂಚಿಕೆ ಕಳೆದು ವರದಿ ಮಾತ್ರ ಉಳಿದ ಕಡೆ ನಮ್ಮ ಅಜ್ಜಂದಿರ ಮಾತನ್ನು ನಾವು ಅವರ ಮೇಲೆ ಕಣ್ಣಿಟ್ಟವರ ಬಾಯಿಂದ ಕೇಳುತ್ತಿದ್ದೇವೆ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ರಾಯಚೂರುಗಳ ಪಾಲಿಗಂತೂ ಮುಂಬೈಯ ಈ ಕಿಟಕಿಯೂ ಇರಲಿಲ್ಲ.

ಹಾಗೆಂದು ವರದಿಯನ್ನು ದೂರ ಇಡಬೇಕಿಲ್ಲ. ಒಂದೇ ವಾರದ ಮರಾಠಿ ಮತ್ತು ಕನ್ನಡ ಭಾಗಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ, ಪುಣೆಯ ಮಾತು ಧಾರವಾಡಕ್ಕೆ ಎಷ್ಟು ದಿನಕ್ಕೆ ಮುಟ್ಟಿತು, ಅಲ್ಲಿ ಅದಕ್ಕೆ ಏನು ಸೇರಿತು ಎಂದು ಗೊತ್ತಾಗುತ್ತದೆ. ಮೂಲ ಸಂಚಿಕೆ ಎಲ್ಲಾದರೂ ಸಿಕ್ಕರೆ, ಅನುವಾದಕ ಏನು ಬಿಟ್ಟ ಎಂಬುದೇ ಒಂದು ಒಳ್ಳೆಯ ಪ್ರಬಂಧದ ವಿಷಯ. ಪ್ರತಿ ವಾರ ಪುಣೆಗೆ ಹೋಗಲು ರಜೆ ಸಿಗದವರಿಗೆ ‘ಶೋಧಗಂಗಾ’ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಅಲ್ಲಿ ಪುಕ್ಕಟೆಯಾಗಿ ಓದಬಹುದು. ಪಾಳಿ ಮುಗಿಸಿ ಬಂದು ಮೊಬೈಲಿನಲ್ಲೇ ಅಡಿಟಿಪ್ಪಣಿ ನೋಡಿಕೊಂಡು, ಬೇಕಾದ ಸಂಪುಟದ ಹೆಸರು, ವರ್ಷ, ಪುಟ ಗುರುತು ಹಾಕಿಕೊಂಡು ಹೋದರೆ ಗ್ರಂಥಾಲಯದಲ್ಲಿ ಒಂದು ದಿನ ಮೂರು ದಿನದ ಕೆಲಸ ಮಾಡುತ್ತದೆ.

ಸ್ವಾತಂತ್ರ್ಯದ ನಂತರ ಕಾನೂನು ಬದಲಾಯಿತು. 1954ರ ಕಾಯ್ದೆಯಂತೆ ಪ್ರಕಾಶಕರು ಪುಸ್ತಕದ ಪ್ರತಿಗಳನ್ನು ಗೊತ್ತುಪಡಿಸಿದ ಸಾರ್ವಜನಿಕ ಗ್ರಂಥಾಲಯಗಳಿಗೆ ಕೊಡಬೇಕು. 1956ರಲ್ಲಿ ಅದು ಪತ್ರಿಕೆಗಳಿಗೂ ಅನ್ವಯವಾಯಿತು. ಕಣ್ಣಿಡಲು ಅಲ್ಲ, ಕಾಪಿಡಲು. ಆದರೆ ಅದು ಕಾಗದದ ಮೇಲೆ ಅಚ್ಚಾದದ್ದಕ್ಕೆ ಮಾಡಿದ ಕಾನೂನು. ಊರು ಬಿಟ್ಟವರು ಸೇರಿ ನಡೆಸುವ ಇಂಥ ಅಂತರ್ಜಾಲ ಪತ್ರಿಕೆಯನ್ನು ಯಾವ ಅನುವಾದಕನೂ ಓದಿ ಕಡತಕ್ಕೆ ಸೇರಿಸುತ್ತಿಲ್ಲ, ಯಾವ ಗ್ರಂಥಪಾಲಕರೂ ಬೈಂಡ್ ಮಾಡಿ ಕಪಾಟಿನಲ್ಲಿ ಇಡುತ್ತಿಲ್ಲ. ವರ್ಷಕ್ಕೊಮ್ಮೆ ಎಲ್ಲ ಸಂಚಿಕೆಗಳನ್ನೂ ಅಚ್ಚು ತೆಗೆದು, ಬರೆದವರ ಹೆಸರು, ಊರು, ತಾರೀಕು ಸ್ಪಷ್ಟವಾಗಿ ಹಾಕಿ, ಒಂದು ಪ್ರತಿಯನ್ನು ಪುಣೆಯ ವಿಶ್ವವಿದ್ಯಾಲಯಕ್ಕೂ ಇನ್ನೊಂದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಕಳಿಸುವ ಏರ್ಪಾಟು ಮಾಡಬಹುದು. ಕುರಕುಂಭದಲ್ಲಿ ಕನ್ನಡಿಗರು ಏನು ಓದುತ್ತಿದ್ದರು, ಏನು ಬರೆಯುತ್ತಿದ್ದರು ಎಂದು ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ, ಅವರ ಕೈಗೆ ಸಿಗುವುದು ನಮ್ಮ ಮಾತೇ ಆಗಿರಲಿ, ಕನ್ನಡದಲ್ಲೇ ಇರಲಿ.